ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕು ಬಾಗಿಲು ತೆರೆಯಿತು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿದಾಗ ಬ್ಯಾಂಕಿನ ಲೆಕ್ಕದಲ್ಲಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಇದನ್ನು ಕಟ್ಟಲು ಮುಂದೆ ನಿಂತವರು ಮತ್ತು ಅದರ ಸ್ಥಾಪಕ ಅಧ್ಯಕ್ಷರಾದವರು ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದೂರ್. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾದದ್ದು ಇದೇ ಸಂಸ್ಥೆ.

ಆ 2 ಪೈಯನ್ನು ಸ್ವಲ್ಪ ಗಮನಿಸಬೇಕು. 12 ಪೈ ಸೇರಿದರೆ ಒಂದು ಆಣೆ, 16 ಆಣೆ ಸೇರಿದರೆ ಒಂದು ರೂಪಾಯಿ. ಅಂದರೆ ರೂಪಾಯಿಯ 192ನೇ ಒಂದು ಪಾಲು ಒಂದು ಪೈ. ಅಷ್ಟು ಸಣ್ಣ ನಾಣ್ಯಕ್ಕೂ ಆ ಲೆಕ್ಕದ ಪುಸ್ತಕದಲ್ಲಿ ಜಾಗವಿತ್ತು. ಇಂದು ಯಾವ ಉದ್ಯಮಿಯನ್ನು ಮಾತಿಗೆಳೆದರೂ ನಾವು ಕೇಳುವ ಮೊದಲ ಪ್ರಶ್ನೆ, 'ಎಷ್ಟರಿಂದ ಶುರು ಮಾಡಿದಿರಿ, ಈಗ ಎಷ್ಟಾಗಿದೆ?' ಎಂಬುದು. ಹಾಜಿ ಅಬ್ದುಲ್ಲಾ ಸಾಹೇಬರ ಬದುಕಿಗೆ ಈ ಪ್ರಶ್ನೆ ಹಾಕಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಅವರು ಕಟ್ಟಿದ್ದು ಬೆಳೆಯಿತು, ಅವರ ಸ್ವಂತದ್ದು ಕರಗಿತು. ಬೆಳವಣಿಗೆ ಎಂಬ ಮಾತಿಗೆ ನಾವು ಕೊಟ್ಟುಕೊಂಡಿರುವ ಅರ್ಥವನ್ನೇ ಈ ಉತ್ತರ ಪರೀಕ್ಷೆಗೆ ಒಡ್ಡುತ್ತದೆ.

ಅಂದಿನ ಉಡುಪಿ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಒಂದು ಸಣ್ಣ ಪೇಟೆ. ಮಠಗಳ ಊರು, ಯಾತ್ರಿಕರ ಊರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಉಡುಪಿಯಿಂದ ಮಂಗಳೂರಿಗೆ ಹೋಗುವವರು ದಾರಿಯುದ್ದಕ್ಕೂ ನದಿಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ಮಂಗಳೂರಿನಲ್ಲಿ ಮದ್ರಾಸ್ ಬ್ಯಾಂಕಿನ ಶಾಖೆ ಇತ್ತಾದರೂ ಅದರ ಮೆಟ್ಟಿಲು ಹತ್ತುತ್ತಿದ್ದವರು ಕಾಫಿಯ ಮತ್ತು ಹಂಚಿನ ದೊಡ್ಡ ಕಂಪನಿಗಳವರು, ಸರಕಾರದವರು. ಗೇಣಿದಾರನಿಗಾಗಲಿ ಮೀನು ಮಾರುವ ಹೆಂಗಸಿಗಾಗಲಿ ಬಟ್ಟೆಯ ಗಂಟು ಹೊತ್ತು ಊರೂರು ಸುತ್ತುವ ಸಾಬಿಗಾಗಲಿ ಅಲ್ಲಿ ಕೆಲಸವಿರಲಿಲ್ಲ.

ಅವರಿಗೆ ಇದ್ದದ್ದು ಲೇವಾದೇವಿಯ ಸಾಹುಕಾರ. ಮಳೆಗಾಲದಲ್ಲಿ ತಂದ ಸಾಲವನ್ನು ಕೊಯ್ಲಿನಲ್ಲಿ ತೀರಿಸಬೇಕು. ತೀರದಿದ್ದರೆ ಬಡ್ಡಿ ಅಸಲಿಗೆ ಸೇರುತ್ತದೆ, ಆ ಬಡ್ಡಿಗೂ ಬಡ್ಡಿ ಹುಟ್ಟುತ್ತದೆ. ಮುಡಿ ಅಕ್ಕಿಯಲ್ಲಿ ಶುರುವಾದ ಲೆಕ್ಕ ಕೊನೆಗೆ ಗದ್ದೆಯಲ್ಲೋ ಹೆಂಡತಿಯ ಕಿವಿಯ ಓಲೆಯಲ್ಲೋ ಮುಗಿಯುತ್ತದೆ. ಇನ್ನೊಂದು ಕಡೆ, ನಾಲ್ಕು ಕಾಸು ಉಳಿಸಿದವನಿಗೆ ಅದನ್ನು ಇಡಲು ಜಾಗವಿಲ್ಲ. ಅದು ಮಡಕೆಯಲ್ಲಿ, ಮಣ್ಣಿನಲ್ಲಿ, ಸೊಂಟದ ಗಂಟಿನಲ್ಲಿ ಸತ್ತು ಬಿದ್ದಿರುತ್ತದೆ. ಒಂದೇ ಊರಿನಲ್ಲಿ ಒಬ್ಬನ ಹಣ ದುಡಿಯದೆ ಮಲಗಿದೆ, ಮತ್ತೊಬ್ಬ ಹಣವಿಲ್ಲದೆ ಮುಳುಗುತ್ತಿದ್ದಾನೆ. ಇಬ್ಬರ ನಡುವೆ ಇಲ್ಲದ್ದು ನಂಬಿಕೆಯ ಒಂದು ಕಟ್ಟೆ ಮಾತ್ರ. ಅದನ್ನು ಕಟ್ಟುವುದು ಸುಲಭದ ಮಾತಾಗಿರಲಿಲ್ಲ. ಜಾತಿಯವ ಜಾತಿಯವನನ್ನು ನಂಬುತ್ತಿದ್ದ ಕಾಲ ಅದು.

ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯ ಶ್ರೀಮಂತ ವರ್ತಕರು. ಸುಮ್ಮನೆ ತಮ್ಮ ವ್ಯಾಪಾರ ನೋಡಿಕೊಂಡಿದ್ದರೆ ಅವರಿಗೆ ಯಾವ ಕೊರತೆಯೂ ಇರಲಿಲ್ಲ. 1905ರ ಬಂಗಾಳ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿಯ ಗಾಳಿ ಕರಾವಳಿಗೂ ಬೀಸಿತ್ತು. ಹೆಚ್ಚಿನವರು ಸ್ವದೇಶಿ ಎಂದರೆ ಸ್ವದೇಶಿ ಬಟ್ಟೆ ಎಂದುಕೊಂಡಿದ್ದಾಗ ಈ ವರ್ತಕರು ಅದನ್ನು ಹಣಕ್ಕೂ ಅನ್ವಯಿಸಿದರು. ಬ್ಯಾಂಕು ತೆರೆಯುವ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ, ಸಾರ್ವಜನಿಕರಿಗೆ ಅವರು ಮಾಡಿಕೊಂಡ ಮನವಿಯಲ್ಲಿ ಎರಡು ಮಾತುಗಳಿವೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಬೇಕು ಎಂಬುದು ಒಂದು. ಅಷ್ಟೇ ಸಾಲದು, ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸಬೇಕು ಎಂಬುದು ಇನ್ನೊಂದು. ಇದೇ ಅಪ್ಪಟ ಸ್ವದೇಶಿ ಎಂದು ಅವರು ಸಾರಿದರು. ಲಾಭಾಂಶದ ಆಸೆ ತೋರಿಸಿ ಹಣ ಕೇಳುವ ಈ ಕಾಲದ ಜಾಹೀರಾತುಗಳ ಪಕ್ಕದಲ್ಲಿಟ್ಟು ಆ ಮನವಿಯನ್ನು ನೋಡಬೇಕು.

ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಒಂದು ಪದ ಸದಾ ಗೊಂದಲ ತರುತ್ತದೆ. ಕನ್ನಡದ ಸರಕಾರಿ ಭಾಷೆಯಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಬ್ಯಾಂಕಿನ ಠೇವಣಿಗೂ ಅದೇ ಮಾತು. ಪ್ರವಾದಿ ಮುಹಮ್ಮದರನ್ನು (ಸ) ಮಕ್ಕಾದ ಜನ ಅಲ್ ಅಮೀನ್ ಎಂದು ಕರೆದದ್ದು ಇದೇ ಮೂಲದ ಮಾತಿನಿಂದ. ಅವರು ಊರು ಬಿಟ್ಟು ಹೊರಡಬೇಕಾಗಿ ಬಂದ ದಿನವೂ ಜನರ ಅಮಾನತ್ತುಗಳು ಅವರ ಬಳಿ ಇದ್ದವು. ಅವನ್ನೆಲ್ಲ ಒಡೆಯರಿಗೆ ಮರಳಿಸುವುದಕ್ಕಾಗಿ ಹಜ್ರತ್ ಅಲಿಯವರನ್ನು ಹಿಂದೆ ನಿಲ್ಲಿಸಿ ಹೋದರು. ವಿಶ್ವಾಸದಲ್ಲಿ ಜೊತೆಗಿರದವರ ಸೊತ್ತೂ ಅದರಲ್ಲಿತ್ತು. ಹಜ್ ಮಾಡಿ ಬಂದ ಒಬ್ಬ ವರ್ತಕನಿಗೆ ಈ ಕಥೆ ತಿಳಿಯದಿರಲು ಸಾಧ್ಯವಿಲ್ಲ. ಅಮಾನತ್ತಿಗೆ ಧರ್ಮದ ಗುರುತು ಕೇಳುವ ಪದ್ಧತಿ ಇಲ್ಲ.

ಬಡ್ಡಿಯ ಪ್ರಶ್ನೆಯನ್ನು ಇಲ್ಲಿ ಬದಿಗೆ ಸರಿಸುವುದು ಪ್ರಾಮಾಣಿಕತೆಯಾಗಲಾರದು. ರಿಬಾ ನಿಷಿದ್ಧ ಎಂಬುದರಲ್ಲಿ ವಿವಾದವಿಲ್ಲ. ಬ್ಯಾಂಕಿನ ಬಡ್ಡಿ ರಿಬಾದ ವ್ಯಾಪ್ತಿಗೆ ಬರುತ್ತದೆ ಎಂದೇ ಹೆಚ್ಚಿನ ಉಲೆಮಾಗಳ ಅಭಿಪ್ರಾಯ. ಭಿನ್ನವಾಗಿ ಚಿಂತಿಸಿದ ವಿದ್ವಾಂಸರೂ ಇದ್ದಾರೆ. ಈ ಲೇಖನ ತೀರ್ಪು ಕೊಡುವ ಜಾಗವಲ್ಲ. ಆದರೆ ಚರಿತ್ರೆ ಒಂದು ಸಂಗತಿಯನ್ನು ಹೇಳುತ್ತದೆ. ಗೇಣಿದಾರನ ಗದ್ದೆಯನ್ನೇ ನುಂಗುತ್ತಿದ್ದ ಚಕ್ರಬಡ್ಡಿಗೆ ಅಂದು ಎದುರಾಗಿ ನಿಂತದ್ದು ಇಂಥ ಬ್ಯಾಂಕುಗಳೇ. ಬಡ್ಡಿ ಬೇಡ ಎನ್ನುವವರು ಅದಕ್ಕೆ ಬದಲಾಗಿ ಬಡವನಿಗೆ ಏನನ್ನು ಕಟ್ಟಿಕೊಟ್ಟಿದ್ದೇವೆ ಎಂಬ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕಾಗುತ್ತದೆ.

ಈ ಕೆಲಸದಲ್ಲಿ ಹಾಜಿ ಸಾಹೇಬರು ಒಂಟಿಯಾಗಿರಲಿಲ್ಲ. ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಪೈಗಳು ಅದಕ್ಕೂ ಮುಂಚೆ 1891ರಲ್ಲಿ ಕೆನರಾ ಹೈಸ್ಕೂಲನ್ನು ಕಟ್ಟಿದ್ದರು. 1925ರಲ್ಲಿ ಉಡುಪಿಯಲ್ಲೇ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಹುಟ್ಟುಹಾಕಿದರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶಗಳಲ್ಲಿ ಒಂದು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟನೊಬ್ಬ ಮನೆ ಬಾಗಿಲಿಗೆ ಬಂದು ದಿನಕ್ಕೆ 2 ಆಣೆ ಪಡೆದು ಚೀಟಿ ಬರೆದುಕೊಡುತ್ತಿದ್ದ. 1931ರಲ್ಲಿ ಎ.ಬಿ. ಶೆಟ್ಟರು ಮಂಗಳೂರಿನಲ್ಲಿ ರೈತರನ್ನು ಸೇರಿಸಿಕೊಂಡು ವಿಜಯಾ ಬ್ಯಾಂಕ್ ಕಟ್ಟಿದರು. ಒಬ್ಬರು ವರ್ತಕರು, ಒಬ್ಬರು ವಕೀಲರು, ಒಬ್ಬರು ವೈದ್ಯರು, ಒಬ್ಬರು ಬಂಟ ಸಮಾಜದ ಮುಂದಾಳು. ನಾಲ್ವರಿಗೂ ಸಾಮಾನ್ಯವಾಗಿದ್ದದ್ದು, ಸಣ್ಣವನ ಕಾಸನ್ನು ಸಣ್ಣದೆಂದು ಕಾಣದ ಕಣ್ಣು.

ಆ ಕಾಲದಲ್ಲಿ ಬ್ಯಾಂಕು ನಡೆಸುವುದೆಂದರೆ ಬೆಂಕಿಯ ಜೊತೆ ಸರಸ. ರಿಸರ್ವ್ ಬ್ಯಾಂಕ್ ಇರಲಿಲ್ಲ, ಠೇವಣಿಗೆ ವಿಮೆಯೂ ಇರಲಿಲ್ಲ. ಉಡುಪಿಯ ಬ್ಯಾಂಕು ಹುಟ್ಟಿದ ಏಳೇ ತಿಂಗಳಲ್ಲಿ, 1906ರ ಅಕ್ಟೋಬರಿನಲ್ಲಿ, ಮದ್ರಾಸಿನ ಪ್ರತಿಷ್ಠಿತ ಆರ್ಬತ್‌ನಾಟ್ ಕಂಪನಿ ಮುಳುಗಿ ಸಾವಿರಾರು ಜನರ ಉಳಿತಾಯವನ್ನು ಕೊಂಡೊಯ್ದಿತು. ಅದು ಆಂಗ್ಲರ ಸಂಸ್ಥೆ, ಅದರ ಮೇಲೆ ಯಾರಿಗೂ ಸಂಶಯವಿರಲಿಲ್ಲ. 1913ರಿಂದ 1917ರ ನಡುವೆ ದೇಶದಲ್ಲಿ 80ಕ್ಕೂ ಹೆಚ್ಚು ಬ್ಯಾಂಕುಗಳು ಮುಚ್ಚಿದವು. ಉಡುಪಿಯ ಬ್ಯಾಂಕು ಉಳಿಯಿತು. ಅದು ಅವಸರ ಮಾಡಲಿಲ್ಲ. ಅದರ ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ ಹುಟ್ಟಿದ 17 ವರ್ಷಗಳ ಮೇಲೆ. ಮಂಗಳೂರಿನ ಶಾಖೆ 1926ರಲ್ಲಿ ಬಂತು. ಮೂರು ವರ್ಷದಲ್ಲಿ ಮೂವತ್ತು ಶಾಖೆ ತೆರೆಯದಿದ್ದರೆ ಸೋತೆವೆಂದು ತಿಳಿಯುವ ಇಂದಿನ ಉದ್ಯಮಿಗಳಿಗೆ ಈ ನಡಿಗೆ ಆಮೆಯದೆನಿಸಬಹುದು. ಆದರೆ ಇತರರ ಹಣವನ್ನು ಹೊತ್ತು ನಡೆಯುವವನು ಓಡಬಾರದು ಎಂಬುದನ್ನು ಅವರು ಅರಿತಿದ್ದರು.

ಹಾಜಿ ಸಾಹೇಬರ ಕೊಡುಗೈಯ ಬಗ್ಗೆ ಉಡುಪಿಯಲ್ಲಿ ಇಂದಿಗೂ ಮಾತುಗಳಿವೆ. ಎಣ್ಣೆ ಸಿಗದ ದಿನಗಳಲ್ಲಿ ಕೃಷ್ಣಮಠದ ಲಕ್ಷದೀಪೋತ್ಸವ ನಿಲ್ಲಬಾರದೆಂದು ಅವರೇ ಎಣ್ಣೆ ಒದಗಿಸಿದರು ಎಂದು ಹಿರಿಯರು ಹೇಳುತ್ತಾರೆ. ಊರಿನ ಬಡವರ ಚಿಕಿತ್ಸೆಗಾಗಿ ಅವರು ಕೊಟ್ಟ ನೆಲದಲ್ಲಿ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಬಂತು. ಎಲ್ಲ ಜಾತಿಯ ತಾಯಂದಿರು ಅಲ್ಲಿ ಹೆತ್ತರು. ಕೊಟ್ಟು ಕೊಟ್ಟು ಕೊನೆಗಾಲದಲ್ಲಿ ಅವರ ಸಂಪತ್ತು ಕರಗಿತ್ತು ಎಂದೂ ಜನ ನೆನೆಯುತ್ತಾರೆ. ಅವರು ತೀರಿಕೊಂಡದ್ದು 1935ರಲ್ಲಿ. ದೇಶಕ್ಕೊಂದು ರಿಸರ್ವ್ ಬ್ಯಾಂಕ್ ಬಂದದ್ದೂ ಅದೇ ವರ್ಷ.

ಬ್ಯಾಂಕು ಮಾತ್ರ ಬೆಳೆಯುತ್ತ ಹೋಯಿತು. 1972ರಲ್ಲಿ ಅದಕ್ಕೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಬಂತು, 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. 1969 ಮತ್ತು 1980ರಲ್ಲಿ ಒಟ್ಟು 20 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ನಾಲ್ಕು ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ಹಾಜಿ ಸಾಹೇಬರ ಉಡುಪಿಯ ಮನೆ 2011ರಲ್ಲಿ ನಾಣ್ಯಗಳ ಸಂಗ್ರಹಾಲಯವಾಯಿತು. ನಂತರ ವಿಲೀನಗಳ ಕಾಲ ಬಂತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿದವು. ಅಂದೇ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ನಾಲ್ಕರಲ್ಲಿ ಹೆಸರು ಉಳಿಸಿಕೊಂಡದ್ದು ಒಂದೇ.

ಬೋರ್ಡು ಬದಲಾದದ್ದಕ್ಕೆ ಕಣ್ಣೀರು ಹಾಕಬೇಕಾಗಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಆಗಿದೆ. ಆ ಬ್ಯಾಂಕಿಗೆ ನೂರು ವರ್ಷ ತುಂಬಿದ 2006ರಲ್ಲೇ ಸಾಚಾರ್ ಸಮಿತಿಯ ವರದಿ ಬಂತು. ಬ್ಯಾಂಕ್ ಸಾಲದಲ್ಲಿ ಮುಸ್ಲಿಮರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ ಎಂದು ಅದು ಹೇಳಿತು. ಮುಸ್ಲಿಮರು ಹೆಚ್ಚಿರುವ ಕೆಲವು ಪ್ರದೇಶಗಳನ್ನು ಸಾಲಕ್ಕೆ ತಕ್ಕುದಲ್ಲವೆಂದು ಬ್ಯಾಂಕುಗಳು ಗುರುತಿಟ್ಟುಕೊಂಡಿದ್ದ ಸಂಗತಿಯನ್ನೂ ಹೊರಗಿಟ್ಟಿತು. ಬ್ಯಾಂಕು ಕಟ್ಟಿದವರ ಸಮುದಾಯ ಶತಮಾನದ ನಂತರ ಬ್ಯಾಂಕಿನ ಹೊರಗೆ ನಿಂತಿತ್ತು. ಹೊರಗೆ ನಿಂತವರನ್ನು ದೋಚುವವರು ಒಳಗಿನಿಂದಲೇ ಬಂದರು. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ಹಣ ಸಂಗ್ರಹಿಸಿದ ಸಂಸ್ಥೆಯೊಂದು 2019ರ ಜೂನಿನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಮಗಳ ಮದುವೆಯ ಹಣ, ನಿವೃತ್ತಿಯ ಹಣ, ಮಾರಿದ ಒಡವೆಯ ಹಣ, ಎಲ್ಲವೂ ಹೋಯಿತು. ಧರ್ಮದ ಹೆಸರಿದ್ದರೆ ಸಾಕು, ಲೆಕ್ಕ ಕೇಳಬೇಕಿಲ್ಲ ಎಂಬ ನಮ್ಮ ರೂಢಿಯೂ ಇದರಲ್ಲಿ ಪಾಲುದಾರ. 2 ಪೈಗೂ ಲೆಕ್ಕ ಬರೆದ ಹಾಜಿ ಸಾಹೇಬರ ಪರಂಪರೆಯನ್ನು ನಾವು ಮರೆತದ್ದು ಇಲ್ಲಿ.

ಇನ್ನೊಂದು ಮರೆವು ಊರಿನದ್ದು. 2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಕರಾವಳಿಯ ಇತರ ಜಾತ್ರೆಗಳಿಗೂ ಆ ಮಾತು ಹಬ್ಬಿತು. ಬಳೆ, ಆಟಿಕೆ, ಕಲ್ಲಂಗಡಿ ಮಾರುವವನಿಗೆ ಜಾತ್ರೆಯೇ ವರ್ಷದ ದುಡಿಮೆ. ಒಂದು ಕಾಲದಲ್ಲಿ ಇದೇ ಜಿಲ್ಲೆಯ ಜನ ತಮ್ಮ ಬೆವರಿನ ಉಳಿತಾಯವನ್ನು ಒಬ್ಬ ಹಾಜಿಯ ಅಧ್ಯಕ್ಷತೆಯ ಬ್ಯಾಂಕಿಗೆ ಒಪ್ಪಿಸಿದ್ದರು. ಈಗ ಅವನ ಸಮುದಾಯದವನ ಕೈಯಿಂದ ಒಂದು ಡಜನ್ ಬಳೆ ಕೊಳ್ಳಬೇಡಿ ಎನ್ನುವವರು ಹುಟ್ಟಿದ್ದಾರೆ.

ಹಾಗಾದರೆ ಉದ್ಯಮಿಗಳನ್ನೂ ಸಮುದಾಯದ ಮುಂದಾಳುಗಳನ್ನೂ ನಾವು ಕೇಳಬೇಕಾದ ಪ್ರಶ್ನೆ ಬದಲಾಗಬೇಕು. ಎಷ್ಟು ಗಳಿಸಿದಿರಿ ಎಂಬುದು ಅವರ ಮನೆಯ ಲೆಕ್ಕ. ನಿಮ್ಮ ಸಂಸ್ಥೆಯಲ್ಲಿ ನಿಮ್ಮವರಲ್ಲದವರು ಎಷ್ಟು ಮಂದಿ ನಂಬಿಕೆ ಇಟ್ಟಿದ್ದಾರೆ? ನಿಮ್ಮ ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದೇ? ನೀವು ಇಲ್ಲದ ದಿನವೂ ಅದು ನಡೆಯುತ್ತದೆಯೇ? ಮಸೀದಿಯ ಕಮಿಟಿ, ಶಾಲೆಯ ಟ್ರಸ್ಟು, ಮೊಹಲ್ಲಾದ ಸಹಕಾರ ಸಂಘ, ಎಲ್ಲಕ್ಕೂ ಈ ಮೂರು ಪ್ರಶ್ನೆ ಸಲ್ಲುತ್ತವೆ. ಉತ್ತರ ಹೌದು ಎಂದಾದರೆ 38 ರೂಪಾಯಿಯಿಂದಲೂ ಶುರು ಮಾಡಬಹುದು ಎಂಬುದಕ್ಕೆ ಉಡುಪಿಯ ಚರಿತ್ರೆ ಸಾಕ್ಷಿಯಾಗಿದೆ.