ತಾಯಿ ಪಡುವಣ ತೀರದಲ್ಲಿ, ಮಗ ಮೂಡಣ ತೀರದಲ್ಲಿ

ಅಮೆರಿಕದಲ್ಲಿರುವ ನಮ್ಮಲ್ಲಿ ಎಷ್ಟೋ ಜನ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲತೀರಕ್ಕೆ ಕರೆದೊಯ್ದಿರುತ್ತೇವೆ. ಫ್ಲೋರಿಡಾ ಕಡೆಯವರು 1565ರಲ್ಲಿ ಸ್ಪೇನಿನವರು ಕಟ್ಟಿದ ಸೇಂಟ್ ಅಗಸ್ಟೀನ್ ಊರನ್ನು ನೋಡಿರುತ್ತೀರಿ. ಒಂದು ತಾಯಿಯ ಹೆಸರು, ಇನ್ನೊಂದು ಮಗನದು. ಇಬ್ಬರೂ ಯುರೋಪಿನವರಲ್ಲ, ಉತ್ತರ ಆಫ್ರಿಕಾದವರು!

ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಇಂದಿನ ಅಲ್ಜೀರಿಯಾಕ್ಕೆ ಸೇರಿದ ಥಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಕಾರ್ಥೇಜಿನಲ್ಲಿ ಓದಿ ಭಾಷಣಕಲೆಯ ಮೇಷ್ಟ್ರಾದ. ಅಲ್ಲಿಂದ ತಾಯಿಗೆ ಸುಳ್ಳು ಹೇಳಿ, ರಾತ್ರೋರಾತ್ರಿ ಹಡಗು ಹತ್ತಿ ರೋಮಿಗೆ ಹೊರಟ. ಮುಂದೆ ಮಿಲಾನಿನಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಬಿಡದ ತಾಯಿ ಸಮುದ್ರ ದಾಟಿ ಅಲ್ಲಿಗೂ ಬಂದಳು. ಮಗ 387ರಲ್ಲಿ ದೀಕ್ಷಾಸ್ನಾನ ಪಡೆದದ್ದನ್ನು ಕಂಡ ಆಕೆ ಅದೇ ವರ್ಷ ಕಣ್ಣು ಮುಚ್ಚಿದಳು. ಆತ ಆಫ್ರಿಕಾಕ್ಕೆ ಮರಳಿ ಹಿಪ್ಪೋ ನಗರದ ಬಿಷಪ್ ಆದ.

ಅಲ್ಲಿ ಬರೆದ 'ಕನ್ಫೆಷನ್ಸ್' ಪುಸ್ತಕದಲ್ಲಿ ಹದಿನಾರನೆಯ ವಯಸ್ಸಿನ ಒಂದು ಕಳ್ಳತನ ಬರುತ್ತದೆ. ಗೆಳೆಯರೊಡನೆ ಪಕ್ಕದ ಮರದ ಪೇರು ಹಣ್ಣು ಕದ್ದು ಹಂದಿಗಳಿಗೆ ಎಸೆದಿದ್ದ. ಹಸಿವಿರಲಿಲ್ಲ, ಹಣ್ಣೂ ರುಚಿಯಾಗಿರಲಿಲ್ಲ. ಹಾಗಾದರೆ ಕದ್ದದ್ದೇಕೆ? ಪುಟಗಟ್ಟಲೆ ತನ್ನನ್ನೇ ಕೇಳಿಕೊಳ್ಳುತ್ತಾನೆ. ರಾಜರ ದಂಡಯಾತ್ರೆಯಷ್ಟೇ ಒಬ್ಬ ಹುಡುಗನ ಮನಸ್ಸೂ ಬರೆಯಲು ಯೋಗ್ಯ ಎಂದು ಪಶ್ಚಿಮಕ್ಕೆ ತೋರಿಸಿಕೊಟ್ಟ ಪುಸ್ತಕವಿದು. 14ನೆಯ ಶತಮಾನದ ಪೆಟ್ರಾರ್ಕ್ ಇದನ್ನು ಜೊತೆಗೇ ಇಟ್ಟುಕೊಂಡಿದ್ದ. ರೂಸೋ ತನ್ನ ಆತ್ಮಕಥೆಗೆ ಇದೇ ಹೆಸರಿಟ್ಟ.

410ರಲ್ಲಿ ಗಾಥರು ರೋಮನ್ನು ಲೂಟಿ ಮಾಡಿದಾಗ, ಹಳೆಯ ದೇವತೆಗಳನ್ನು ಬಿಟ್ಟದ್ದೇ ಇದಕ್ಕೆ ಕಾರಣವೆಂದು ಜನ ದೂರಿದರು. ಉತ್ತರವಾಗಿ ಆತ 22 ಸಂಪುಟಗಳ 'ದೇವನಗರ'ವನ್ನು ಬರೆದ. ಯಾವ ಸಾಮ್ರಾಜ್ಯವೂ ಶಾಶ್ವತವಲ್ಲ, ಯಾವ ರಾಜ್ಯವೂ ದೇವರ ರಾಜ್ಯವೇ ಅಲ್ಲ ಎಂಬುದು ಅದರ ತಿರುಳು. ಧರ್ಮ ಮತ್ತು ಪ್ರಭುತ್ವದ ಸಂಬಂಧದ ಬಗ್ಗೆ ಯುರೋಪ್ ಸಾವಿರ ವರ್ಷ ನಡೆಸಿದ ವಾದಗಳಲ್ಲಿ ಈ ಗ್ರಂಥ ಮತ್ತೆ ಮತ್ತೆ ಬರುತ್ತದೆ. ಕ್ಯಾಥೊಲಿಕರು ಆತನನ್ನು ಗುರುವೆಂದರು. ಅವರ ವಿರುದ್ಧ ನಿಂತ ಮಾರ್ಟಿನ್ ಲೂಥರ್ ಕೂಡ ಆತನ ಹೆಸರಿನ ಪಂಗಡದ ಸನ್ಯಾಸಿಯೇ ಆಗಿದ್ದ.

ಹಾಗೆಂದು ಬರೀ ಹೊಗಳಿಕೆ ಸಲ್ಲದು. ಆದಿಪಾಪದ ಬಗ್ಗೆ ಆತ ಕೊಟ್ಟ ವಿವರಣೆ ದೇಹದಾಸೆಗೆ ನಾಚಿಕೆಯ ನೆರಳು ಹಾಸಿತು. ಡೊನಾಟಿಸ್ಟ್ ಎಂಬ ಭಿನ್ನ ಪಂಗಡದವರನ್ನು ಬಲವಂತದಿಂದ ಸೇರಿಸಿಕೊಳ್ಳಬಹುದೆಂಬ ಆತನ ಮಾತು ಮುಂದೆ ಕಿರುಕುಳ ಕೊಟ್ಟವರಿಗೆ ಸಮರ್ಥನೆಯಾಯಿತು. ಹತ್ತು ವರ್ಷಕ್ಕೂ ಮಿಕ್ಕಿ ಜೊತೆಗೆ ಬಾಳಿ, ಮಗನನ್ನು ಹೆತ್ತ ಸಂಗಾತಿಯನ್ನು, ಬೇರೆ ಮದುವೆ ಗೊತ್ತಾದಾಗ ಆಫ್ರಿಕಾಕ್ಕೆ ವಾಪಸು ಕಳಿಸಲಾಯಿತು. ಹಣ್ಣಿನ ಕಳ್ಳತನವನ್ನು ಅಷ್ಟು ಬಿಡಿಸಿ ಬರೆದವನು ಆಕೆಯ ಹೆಸರನ್ನು ಎಲ್ಲೂ ಬರೆಯಲಿಲ್ಲ.

430ರಲ್ಲಿ ವ್ಯಾಂಡಲರು ಹಿಪ್ಪೋವನ್ನು ಮುತ್ತಿದ್ದಾಗ ಆತ ತೀರಿಕೊಂಡ. ಸಾಮ್ರಾಜ್ಯ ಹೋಯಿತು, ಪುಸ್ತಕಗಳು ಉಳಿದವು. ಮುಂದಿನ ಸಲ ಸಾಂಟಾ ಮೋನಿಕಾದ ಮರಳಿನಲ್ಲಿ ನಿಂತಾಗ, ಮಗನನ್ನು ಹುಡುಕಿಕೊಂಡು ಕಡಲು ದಾಟಿದ ಆ ತಾಯಿಯನ್ನು ಒಮ್ಮೆ ನೆನೆಯಿರಿ. ಹೆಸರಿಲ್ಲದೆ ಕಡಲು ದಾಟಿ ಹಿಂದಿರುಗಿದ ಇನ್ನೊಬ್ಬ ತಾಯಿಯನ್ನೂ.