ಒಗಟಿನ ಬಾಳಿಕೆ

ಉತ್ತರ ತಿಳಿದ ಮೇಲೆ ಒಗಟಿನ ಕತೆ ಮುಗಿಯಬೇಕಿತ್ತು. ಆದರೂ ಕನ್ನಡದಲ್ಲಿ ಅದು ಶತಮಾನಗಳಿಂದ ಬಾಳಿದೆ. ಬಿಡಿಸಲು ಕೂತವರನ್ನೆಲ್ಲ ಒಂದು ಬಳಗವಾಗಿಸುವ ಶಕ್ತಿಯೇ ಅದಕ್ಕೆ ಕಾರಣ ಎನ್ನುವುದು ನನ್ನ ವಾದ. ಸಂಸ್ಕೃತದ ಲಾಕ್ಷಣಿಕ ದಂಡಿಯೂ ‘ಕಾವ್ಯಾದರ್ಶ’ದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ಹೇಳುವಾಗ, ವಿನೋದಗೋಷ್ಠಿಗೂ ಜನರ ನಡುವೆ ಗುಟ್ಟಾಗಿ ಮಾತಾಡಲಿಕ್ಕೂ ಅವು ಒದಗುತ್ತವೆ ಎಂದಿದ್ದಾನೆ. ಉತ್ತರ ಕರ್ನಾಟಕದ ಮದುವೆಮನೆಯಲ್ಲಿ ಹೆಣ್ಣುಮಗಳು ಒಡಪು ಕಟ್ಟಿ ಗಂಡನ ಹೆಸರು ಹೇಳುವಾಗ ಕೂತವರಿಗೆಲ್ಲ ಆ ಹೆಸರು ಮೊದಲೇ ಗೊತ್ತು. ಅದು ಪ್ರಾಸದೊಳಗೆ ಬಂದು ಕೂರುವ ಚಂದಕ್ಕಾಗಿ ಅವರು ಕಿವಿಗೊಟ್ಟಿರುತ್ತಾರೆ.

ಒಗಟೆಂದರೆ ಓದುಬರಹ ಬಾರದವರ ಹೊತ್ತುಗಳೆಯುವ ಆಟ ಎಂಬ ಆಕ್ಷೇಪವುಂಟು. ಹಾಗಿದ್ದರೆ 12ನೇ ಶತಮಾನದ ವಚನಕಾರ ಅಲ್ಲಮಪ್ರಭು ತನ್ನ ಗಹನವಾದ ಅನುಭಾವವನ್ನು ಒಗಟಿನಂಥ ಬೆಡಗಿನ ವಚನಗಳಿಗೆ ಏಕೆ ಒಪ್ಪಿಸಿದ? 16ನೇ ಶತಮಾನದ ಕನಕದಾಸರು ಒಗಟಿನ ರೂಪದ ಮುಂಡಿಗೆಗಳನ್ನೇಕೆ ರಚಿಸಿದರು? ಅರಿಯದವರನ್ನು ಹೊರಗಿಡಲು ಎನ್ನಬಹುದು. ಆ ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ, ಗುರುವಿಲ್ಲದೆ ಅವು ಸುಲಭಕ್ಕೆ ತೆರೆಯುವುದಿಲ್ಲ. ಆದರೆ ಹೊರಗಿಡುವುದಷ್ಟೇ ಉದ್ದೇಶವಾಗಿದ್ದರೆ ಬೆಡಗಿನ ವಚನಗಳಿಗೆ ಟೀಕೆ ಬರೆಯುವ ಪರಂಪರೆ ಬೆಳೆಯುತ್ತಿರಲಿಲ್ಲ. ಆ ಟೀಕಾಕಾರರು ಒಂದೊಂದು ಪ್ರತಿಮೆಯನ್ನೂ ಬಿಡಿಸಿ ಓದುಗನ ಮುಂದಿಟ್ಟರು. ಅಷ್ಟಾದರೂ ಹೊಸ ಓದುಗರು ಅದೇ ವಚನದಲ್ಲಿ ಬೇರೆ ಅರ್ಥ ಹುಡುಕುವುದು ಇಂದಿಗೂ ನಿಂತಿಲ್ಲ.