ನೀರೊಲೆಯ ಚರಿತ್ರೆ

ಚರಿತ್ರೆಯೆಂದೊಡನೆ ಬೇಲೂರಿನ ಗುಡಿಯತ್ತ ಕೈತೋರುವುದು ನಮ್ಮ ಬಿಕ್ಕೋಡಿನವರ ರೂಢಿ. ನಾನು ಹೇಳಹೊರಟಿರುವುದು ನೀರೊಲೆಯ ಚರಿತ್ರೆ. ಹಂಡೆಯ ಕಂಠವಷ್ಟೇ ಕಾಣುವಂತೆ ಸುತ್ತಲೂ ಮಣ್ಣಿನ ಕಟ್ಟೆ ಕಟ್ಟಿ, ಉರಿಯು ಅದರ ಒಡಲನ್ನೆಲ್ಲ ಬಳಸುವಂತೆ ಮಾಡಿದ್ದರು ನಮ್ಮ ಹಿರಿಯರು. ಮುಚ್ಚಳ ತೆರೆದವರನ್ನು ಅಜ್ಜಿ ಗದರುತ್ತಿದ್ದಳು: “ಹಬೆ ಹೋದ್ರೆ ಸೌದೆ ಹೋದಂಗೆ ಕಣೋ ಮಗಾ.” ವಿಜ್ಞಾನದ ಮಾತೂ ಅದೇ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 75 ಕಿಲೋ ಕ್ಯಾಲೊರಿ ಸಾಕು. ಅದನ್ನು ಆವಿಯಾಗಿಸಲು ಮತ್ತೆ 540 ಬೇಕು.

ಅಡುಗೆಯ ಒಲೆಗೆ ಮಾತ್ರ ಈ ಜಾಣ್ಮೆ ಒದಗಲಿಲ್ಲ. ಅಲ್ಲಿ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಪಾತ್ರೆಗೆ, ಉಳಿದುದು ಗಾಳಿಗೆ. ಹೊಗೆಯೆಲ್ಲ ಅಜ್ಜಿಯ ಕಣ್ಣಿಗೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಹುಟ್ಟಿತು. ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದಿತು. ಅದರಲ್ಲಿ ಪಾತ್ರೆಗಳು ಒಲೆಯೊಳಗೇ ಕುಳಿತವು. ಉರಿ ಒಂದರಡಿಯಿಂದ ಇನ್ನೊಂದರಡಿಗೆ ಹರಿಯಿತು. ಹೊಗೆ ಕೊಳವೆಯೇರಿ ಹೊರಬಿದ್ದಿತು.

ಅಷ್ಟರಲ್ಲಿ ಅಜ್ಜಿಯ ದೃಷ್ಟಿ ಮಂಜಾಗಿತ್ತು. ಹೊಸ ಒಲೆಯನ್ನು ಕೈಯಿಂದ ಸವರಿ, “ಇದು ನಮ್ಮ ನೀರೊಲೆಯೇ ಅಲ್ವೇನೋ?” ಎಂದಳು.

ಮನೆಮಂದಿಯೆಲ್ಲ ಮೀಯುವ ನೀರಿಗೆ ದೊರೆತ ಜಾಣ್ಮೆ, ಹತ್ತು ಹೆಜ್ಜೆಯಾಚೆ ಹೆಂಗಸರಷ್ಟೇ ಕುಳಿತುಕೊಳ್ಳುತ್ತಿದ್ದ ಒಲೆಯನ್ನು ಮುಟ್ಟಲು ಅಷ್ಟು ಕಾಲವೇಕೆ ಬೇಕಾಯಿತು? ಬೇಲೂರಿನ ಶಾಸನಗಳಲ್ಲಿ ಇದಕ್ಕೆ ಉತ್ತರವಿಲ್ಲ.